ಇಸ್ತ್ರಿಯಕ್ಕನ ಕೈಬಟ್ಟೆ

ಲಾಂಡ್ರಿಯ ಬಾಯ್ಲರನ್ನು ವರ್ಷಕ್ಕೊಮ್ಮೆ ಬಿಚ್ಚಿ, ಒಳಗೆ ಕಟ್ಟಿದ ಬಿಳಿ ಹೆಕ್ಕಳೆಯನ್ನೆಲ್ಲ ಕೆರೆದು ಮತ್ತೆ ಜೋಡಿಸುತ್ತಿದ್ದರು. ಅದು ಮುಗಿಯುವವರೆಗೆ ಕೆಲಸದವರಿಗೆಲ್ಲ ರಜೆ. ಆ ರಜೆಯಲ್ಲಿ ಯಾವುದಾದರೂ ದೊಡ್ಡ ಕೆರೆಯ ದಡದಲ್ಲಿ ಕೋಣೆ ಹಿಡಿದು, ನಾಯಿಯನ್ನೂ ಕರೆದುಕೊಂಡು ಹೋಗಿ ಇದ್ದು ಬರಬೇಕೆಂದು ಇಬ್ಬರು ಹೆಂಗಸರು ಬಹಳ ಕಾಲದಿಂದ ಮಾತಾಡಿಕೊಂಡಿದ್ದರು. ಈ ಸಲ ಕೋಣೆ ಗೊತ್ತುಮಾಡಿಯೂ ಆಗಿತ್ತು. ಬಾಯ್ಲರ್ ಬಿಚ್ಚುವ ಹೊತ್ತಿಗೆ ಇಬ್ಬರಲ್ಲಿ ಒಬ್ಬಳು ಇರಲಿಲ್ಲ.

ಹೋದವಳು ಇಸ್ತ್ರಿಯಕ್ಕ. ಉಳಿದವಳು ಬಟ್ಟೆಯ ಕಲೆ ತೆಗೆಯುವವಳು. ಇವಳಿಗೆ ಲಾಂಡ್ರಿಯ ಯಜಮಾನ ಎಂದೋ ತಮಾಷೆಗೆ ಇಟ್ಟ ಹೆಸರು ಕಲಾವಿದೆ. ಅದೇ ನಿಂತುಹೋಗಿತ್ತು.

ಇಸ್ತ್ರಿಯಕ್ಕ ಬಟ್ಟೆಗಳ ಜೊತೆ ಮಾತಾಡುವವಳು. ತೀರ ಮುದುಡಿದ ಅಂಗಿ ಕೈಗೆ ಬಂದರೆ, "ಏನಪ್ಪಾ, ಮನೇಲಿ ಜಗಳಾನಾ? ಕುರ್ಚಿ ಮೇಲೇ ಮಲಗಿದ್ದ ಹಾಗಿದೆ" ಎಂದು ವಿಚಾರಿಸಿಕೊಂಡೇ ನೀರು ಚಿಮುಕಿಸುತ್ತಿದ್ದಳು. ಮೊಣಕೈಯ ಸುಕ್ಕು ನೋಡಿ, ಇವನು ದಿನವಿಡೀ ಬರೆಯುವವನು, ಇವಳು ಮಗುವನ್ನು ಎಡಗೈಯಲ್ಲೇ ಎತ್ತಿಕೊಳ್ಳುವವಳು ಎಂದು ಹೇಳುತ್ತಿದ್ದಳು. ಒಂದು ಕಾಲಕ್ಕೆ ಅವಳಿಗೂ ಗಂಡ ಎಂಬುವವನು ಇದ್ದನಂತೆ. ಆ ಮಾತು ತೆಗೆದರೆ, "ಆ ಸುಕ್ಕು ಹೋಗಲ್ಲ, ಬಿಡೇ" ಎಂದು ನಕ್ಕು ಪೆಟ್ಟಿಗೆಯನ್ನು ಇನ್ನೊಂದು ತೋಳಿನ ಕಡೆ ಓಡಿಸಿಬಿಡುತ್ತಿದ್ದಳು.

ಆ ಪೆಟ್ಟಿಗೆ ಹಳೆಯದು, ಭಾರದ್ದು. ಹೊಸದು ಕೊಡಿಸುತ್ತೇನೆಂದರೂ ಅವಳು ಒಪ್ಪಿರಲಿಲ್ಲ. ಅದರ ಹಿಡಿ ಕಾಯುತ್ತಿದ್ದುದರಿಂದ ಹತ್ತಿಬಟ್ಟೆಯ ತುಂಡೊಂದನ್ನು ಮಡಚಿ ಅಂಗೈಗೂ ಹಿಡಿಗೂ ನಡುವೆ ಇಟ್ಟುಕೊಳ್ಳುತ್ತಿದ್ದಳು. ವರ್ಷಗಟ್ಟಲೆ ಹಿಡಿದು ಹಿಡಿದು ಆ ಕೈಬಟ್ಟೆ ಅವಳ ಅಂಗೈಯ ಆಕಾರಕ್ಕೇ ಬಂದಿತ್ತು. ಕಲಾವಿದೆಗೆ ಅದನ್ನು ಕಂಡರೆ ಮೈ ಉರಿಯುತ್ತಿತ್ತು.

"ಕೊಡಕ್ಕ ಇಲ್ಲಿ, ಒಂದು ಸಲ ಒಗೆದು ಕೊಡ್ತೀನಿ. ಲಾಂಡ್ರಿಯಲ್ಲಿ ಇದೊಂದೇ ಕೊಳಕು."

"ಮುಟ್ಟಬೇಡ. ನನ್ನ ಕೈಗೆ ಒಗ್ಗಿದೆ ಅದು. ನೀನು ಒಗೆದ್ರೆ ಮತ್ತೆ ಮೊದಲಿಂದ ಪರಿಚಯ ಮಾಡ್ಕೋಬೇಕು."

ನಾಯಿ ಬಂದದ್ದು ಒಂದು ಚಳಿಗಾಲದಲ್ಲಿ. ಇಸ್ತ್ರಿ ಟೇಬಲ್ಲಿನ ಕೆಳಗೆ ಸದಾ ಬೆಚ್ಚಗಿರುತ್ತಿತ್ತು. ಹಿಂಬಾಗಿಲಿಂದ ನುಸುಳಿದ ಮರಿ ಅಲ್ಲೇ ಸುರುಟಿಕೊಂಡು ಮಲಗಿತು. ಮೈಯೆಲ್ಲ ಕಂದು, ಕುತ್ತಿಗೆಯ ಸುತ್ತ ಮಾತ್ರ ಬಿಳಿ ಪಟ್ಟಿ. "ಗಂಜಿ ಹಾಕಿದ ಕಾಲರ್ ಇದ್ದ ಹಾಗಿದೆ" ಎಂದಳು ಇಸ್ತ್ರಿಯಕ್ಕ. ಕಾಲರ್ ಎಂದೇ ಹೆಸರಾಯಿತು. ಲಾಂಡ್ರಿಯ ಹಿಂದೆ ತಾನು ವಾಸವಿದ್ದ ಒಂಟಿ ಕೋಣೆಯಲ್ಲಿ ತನ್ನ ಹಳೆಯ ಉಣ್ಣೆಯ ಸ್ವೆಟರನ್ನು ಅದಕ್ಕೆ ಹಾಸಿಕೊಟ್ಟಳು.

ರಜೆಯ ಬಗ್ಗೆ ಇಸ್ತ್ರಿಯಕ್ಕನಿಗೆ ಅವಳದೇ ಒಂದು ಸಿದ್ಧಾಂತವಿತ್ತು. "ರಜೆ ಅಂದ್ರೆ ಏನು ಹೇಳು? ಸುಕ್ಕುಬಟ್ಟೆ ಹಾಕ್ಕೊಂಡು ಓಡಾಡೋದು. ನಾನಂತೂ ಒಂದು ಬಟ್ಟೆನೂ ಇಸ್ತ್ರಿ ಮಾಡಿ ತರಲ್ಲ. ನೀನೂ ಅಷ್ಟೆ, ಯಾರ ಮೈಮೇಲೆ ಏನು ಕಲೆ ಇದೆ ಅಂತ ನೋಡ್ತಾ ಕೂರಬಾರದು." ಕಾರಿನಲ್ಲಿ ಯಾರು ಎಲ್ಲಿ ಕೂರಬೇಕೆಂಬುದೂ ತೀರ್ಮಾನವಾಗಿತ್ತು. ಅವಳು ಒಂದು ಕಡೆ, ಕಲಾವಿದೆ ಇನ್ನೊಂದು ಕಡೆ, ನಡುವೆ ಕಾಲರ್. "ಅದು ಕಿಟಕಿಯಿಂದ ಮೂಗು ಹೊರಗೆ ಹಾಕಿ ಗಾಳಿ ಕುಡೀಬೇಕು ಕಣೇ. ಪಾಪ, ಹುಟ್ಟಿದಾಗಿಂದ ಸೋಪಿನ ವಾಸನೇನೇ." ಇನ್ನೊಂದು ಮಾತನ್ನೂ ಅವಳು ಹೇಳಿದ್ದಳು. "ಜಾಗ ಹೊಸದಾದ್ರೆ ಹಾಸಿಗೆ ಹಳೇದೇ ಇರಬೇಕು ಅದಕ್ಕೆ." ಕಲಾವಿದೆ ಆಗ ಯಾರದೋ ಕೋಟಿನ ಮೇಲಿನ ಶಾಯಿಯ ಜೊತೆ ಗುದ್ದಾಡುತ್ತಿದ್ದಳು. ಆ ಮಾತು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ರಜೆ ಇನ್ನೂ ದೂರವಿರುವಾಗಲೇ ಒಂದು ಬೆಳಿಗ್ಗೆ ಇಸ್ತ್ರಿಯಕ್ಕ ಎದೆ ಹಿಡಿದುಕೊಂಡು ಟೇಬಲ್ಲಿನ ಬುಡದಲ್ಲಿ ಕುಸಿದಳು. ಕಲಾವಿದೆ ಒದ್ದೆ ಕೈಯಲ್ಲಿ ಓಡಿಬರುವಷ್ಟರಲ್ಲಿ ಮುಗಿದಿತ್ತು. ಮೇಜಿನ ಮೇಲೆ ಯಾರದೋ ಬಿಳಿ ಅಂಗಿ ಅರ್ಧ ಇಸ್ತ್ರಿಯಾಗಿ ಹರಡಿಕೊಂಡಿತ್ತು. ಪೆಟ್ಟಿಗೆ ಅದರ ಮೇಲಿರಲಿಲ್ಲ. ಅಂಥ ನೋವಿನಲ್ಲೂ ಅದನ್ನೆತ್ತಿ ಪಕ್ಕದ ಕಬ್ಬಿಣದ ತಟ್ಟೆಯ ಮೇಲಿಟ್ಟೇ ಅವಳು ಬಿದ್ದಿದ್ದಳು. ಅಂಗಿ ಒಂದಿಷ್ಟೂ ಕಂದಿರಲಿಲ್ಲ.

ಮಾರನೆಯ ದಿನ ಉಳಿದರ್ಧ ಅಂಗಿಯನ್ನು ಇಸ್ತ್ರಿ ಮಾಡಿದವಳು ಕಲಾವಿದೆಯೇ. ಅಂಗಿಯವನು ಬಂದು, ಮಡಿಕೆ ನೋಡಿ ತೆಗೆದುಕೊಂಡು ಹೋದ. ಅವನು ಹೋದ ಮೇಲೆ ಅವಳು ಕೈಬಟ್ಟೆಯನ್ನು ಸೂಟುಗಳಿಗೆ ಹಾಕುವ ಪ್ಲಾಸ್ಟಿಕ್ ಕವರಿನಲ್ಲಿಟ್ಟು, ಗಾಳಿಯನ್ನೆಲ್ಲ ಒತ್ತಿ ತೆಗೆದು, ಬಾಯಿ ಬಿಗಿದು ಕಟ್ಟಿ ಮನೆಗೆ ತಂದಳು. ಸ್ವೆಟರಿನ ಸಮೇತ ಕಾಲರನ್ನೂ ತಂದಳು.

ಬಟ್ಟೆಯಿಂದ ವಾಸನೆ ಹೇಗೆ ಹೋಗುತ್ತದೆ ಎಂದು ತಿಳಿದಿರುವುದೇ ಅವಳ ಹೊಟ್ಟೆಪಾಡು. ಗಾಳಿ ತಾಕಿದಷ್ಟೂ ಹೋಗುತ್ತದೆ. ಆದ್ದರಿಂದ ತೀರ ತಡೆಯಲಾಗದ ದಿನ ಮಾತ್ರ ಬೀರು ತೆರೆದು, ಕವರಿನ ಗಂಟನ್ನು ಮೂಗು ಹಿಡಿಯುವಷ್ಟು ಸಡಿಲಿಸಿ, ಒಂದೇ ಒಂದು ಉಸಿರು ಎಳೆದುಕೊಂಡು ಮತ್ತೆ ಕಟ್ಟುತ್ತಿದ್ದಳು. ಕಾದ ಹತ್ತಿ, ಬೆವರು, ಇಸ್ತ್ರಿಯಕ್ಕ ಕೈಗೆ ಹಚ್ಚುತ್ತಿದ್ದ ಯಾವುದೋ ಅಗ್ಗದ ಮುಲಾಮು. ಪ್ರತಿ ಸಲವೂ ಸ್ವಲ್ಪ ಕಡಿಮೆ. ಇದು ಮನೆಯಲ್ಲಿ ಯಾರಿಗೂ ಗೊತ್ತಿಲ್ಲವೆಂದು ಅವಳು ತಿಳಿದಿದ್ದಳು.

ರಜೆ ಹತ್ತಿರ ಬಂದಾಗ ಕೋಣೆ ಬೇಡವೆಂದು ಹೇಳಲು ಫೋನ್ ಎತ್ತಿಕೊಂಡವಳು, ಆ ಕಡೆಯಿಂದ "ಹೇಳಿ ಅಮ್ಮ, ಬರ್ತಿದೀರಲ್ಲ?" ಎಂದ ಕೂಡಲೇ, "ಬರ್ತೀವಿ" ಎಂದುಬಿಟ್ಟಳು. ಬರ್ತೀವಿ ಎಂದ ಮೇಲೆ ಹೋಗಲೇಬೇಕು.

"ನಾಯಿ ಬರ್ಲಿ, ಅಭ್ಯಂತರ ಇಲ್ಲ" ಎಂದ ಕೋಣೆಯವನು. "ವಾಸನೆ ಮಾತ್ರ ಬರಬಾರದು ನೋಡಿ. ಹಿಂದಿನ ಸಲ ಒಬ್ರು ಬಂದಿದ್ರು, ಅವರು ಹೋದ್ಮೇಲೆ ವಾರಗಟ್ಟಲೆ ಕಿಟಕಿ ತೆಗೆದಿಡಬೇಕಾಯ್ತು."

"ನಾನು ಲಾಂಡ್ರಿಯವಳು ಸ್ವಾಮಿ. ನನಗೆ ಹೇಳ್ತೀರಾ?"

ಮನೆಯಲ್ಲಿ ಅತ್ತೆ ಒಂದು ವಾರ ಅದನ್ನೇ ಆಡಿಕೊಂಡರು. "ನನ್ನ ಮಗ ಮದುವೆಯಾದಾಗಿಂದ ಹೆಂಡ್ತೀನ ಪಕ್ಕದ ಬೀದಿಗೂ ಕರ್ಕೊಂಡು ಹೋಗ್ಲಿಲ್ಲ. ಈಗ ನಾಯಿ ಕರ್ಕೊಂಡು ಹೋಗ್ತಿದೆ. ಪುಣ್ಯವಂತೆ ನೀನು."

"ನೀವೂ ಬನ್ನಿ ಅತ್ತೆ."

"ನಾನ್ಯಾಕಮ್ಮ, ನನ್ನ ಕೊರಳಿಗೆ ಬಿಳಿ ಪಟ್ಟಿ ಇಲ್ಲವಲ್ಲ."

ಹೀಗೆ ಅಂದವರೇ ನಾಯಿಗೆ ನೀರಿಡಲು ತಮ್ಮ ಹಳೆಯ ಸ್ಟೀಲ್ ಬಟ್ಟಲು ತೆಗೆದುಕೊಟ್ಟರು. ಗಂಡ ಹೊಸ ಹಗ್ಗ ತಂದ. ಪಶುವೈದ್ಯರು ಸೂಜಿ ಚುಚ್ಚಿ, ದಾರಿಯಲ್ಲಿ ವಾಂತಿಯಾಗದಿರಲಿ, ಬೆಳಿಗ್ಗೆ ಹೊಟ್ಟೆ ತುಂಬ ತಿನ್ನಿಸಬೇಡಿ ಎಂದರು. ಕಲಾವಿದೆ ತನ್ನ ಬಟ್ಟೆಗಳನ್ನು ಒಣಹಾಕಿದ ಹಗ್ಗದಿಂದ ತೆಗೆದು ಹಾಗೇ ಸುತ್ತಿ ಚೀಲಕ್ಕೆ ತುಂಬಿದಳು. ಇಸ್ತ್ರಿ ಮಾಡಲಿಲ್ಲ.

ಹೊರಡುವ ಹಿಂದಿನ ದಿನ ಅವಳು ನಾಯಿಯ ಸಾಮಾನನ್ನೆಲ್ಲ ಒಗೆಯಲು ಕೂತಳು. ಟವೆಲ್ಲು, ಚಾಪೆಯ ಮೇಲಿನ ಹೊದಿಕೆ, ಕೊನೆಗೆ ಸ್ವೆಟರ್. ಬಿಸಿನೀರಿನಲ್ಲಿ ನೆನೆಸಿ, ಹಿಂಡಿ, ವಾಸನೆ ಕೊಲ್ಲಲು ಲಾಂಡ್ರಿಯಲ್ಲಿ ಬಳಸುವ ದ್ರಾವಣ ಹಾಕಿ, ನೀರು ತಿಳಿಯಾಗುವವರೆಗೆ ಜಾಲಿಸಿದಳು. ಕೈ ತನ್ನಷ್ಟಕ್ಕೆ ಮಾಡುವ ಕೆಲಸ ಅದು. ಮನಸ್ಸು ಎಲ್ಲೋ ಕೆರೆಯ ದಡದಲ್ಲಿತ್ತು. ಬಿಸಿಲಿಗೆ ಒಣಗಿದ ಸ್ವೆಟರನ್ನು ಮೂಗಿಗೆ ಹಿಡಿದು ನೋಡಿದಳು. ಏನೂ ಇಲ್ಲ. ಒಳ್ಳೆಯ ಕೆಲಸ ಎಂದುಕೊಂಡಳು.

ಸಂಜೆ ಕಾಲರ್ ಚಾಪೆಗೆ ಬಂದು ಸ್ವೆಟರಿಗೆ ಮೂಗು ಇಟ್ಟಿತು. ಸುತ್ತು ಹಾಕಿತು. ಕಾಲಿನಿಂದ ಕೆರೆದು, ತಿರುವಿಹಾಕಿ, ತೋಳಿನೊಳಗೆ ಮೂತಿ ತೂರಿಸಿ ಹುಡುಕಿತು. ಆಮೇಲೆ ಬಚ್ಚಲಿಗೆ ಹೋಗಿ, ನೀರು ಹರಿದುಹೋದ ತೂಬಿನ ಬಾಯಿಗೆ ಮೂಗು ಹಚ್ಚಿ ತಣ್ಣನೆಯ ನೆಲದ ಮೇಲೇ ಮಲಗಿತು. ಕರೆದರೆ ಬರಲಿಲ್ಲ. ತಟ್ಟೆಯಲ್ಲಿ ಹಾಕಿದ್ದು ಹಾಗೇ ಉಳಿಯಿತು.

ಕಲಾವಿದೆ ಬಚ್ಚಲ ಬಾಗಿಲಲ್ಲಿ ನಿಂತುಕೊಂಡಳು. ಕೋಟಿನ ಶಾಯಿ ತಿಕ್ಕುವಾಗ ಕಿವಿಗೆ ಬಿದ್ದಿದ್ದ ಮಾತು ಈಗ ತಲೆಗೆ ಬಂತು.

"ಒಗೆದುಬಿಟ್ಟೆ ಅತ್ತೆ" ಎಂದಳು. "ಅವಳನ್ನ ಪೂರ್ತಿ ಒಗೆದುಬಿಟ್ಟೆ."

ಅತ್ತೆ ಅವಳ ಹಿಂದೆ ಬಂದು ನಿಂತು ನಾಯಿಯನ್ನು ನೋಡಿದರು. ಆಮೇಲೆ ಮೆಲ್ಲಗೆ, "ಬೀರುವಿನಲ್ಲಿ ಇನ್ನೊಂದು ಇದೆಯಲ್ಲ" ಎಂದರು.

ಅವಳು ತಟ್ಟನೆ ತಿರುಗಿದಳು.

"ಸಂಜೆ ಹೊತ್ತು ಬೀರುವಿನೊಳಗೆ ಮುಖ ಹಾಕ್ಕೊಂಡು ನಿಂತಿರ್ತೀಯ. ನನ್ನ ಕಣ್ಣು ಮಂಜಾಗಿದೆ ಕಣಮ್ಮ, ಪೂರ್ತಿ ಹೋಗಿಲ್ಲ."

"ಅದನ್ನ ಕೊಡೋಕಾಗಲ್ಲ."

"ನಾನು ಕೊಡು ಅಂದ್ನಾ? ಇದೆ ಅಂದೆ."

ಅವಳು ಕೊಡಲಿಲ್ಲ. ಬೀರು ತೆರೆದು ಕವರನ್ನು ಕೈಗೆತ್ತಿಕೊಂಡು ಮಂಚದ ಮೇಲೆ ಕೂತಳು. ಒಂದು ಸಲ ನಾಯಿಯ ಕೆಳಗೆ ಹಾಕಿದರೆ ಮುಗಿಯಿತು. ಜೊಲ್ಲು, ಕೂದಲು, ಮಣ್ಣು. ಇಸ್ತ್ರಿಯಕ್ಕನ ಬೇರೆ ಬಟ್ಟೆಗಳನ್ನೆಲ್ಲ ದೂರದ ಯಾರೋ ನೆಂಟರು ಬಂದು ಒಯ್ದಿದ್ದರು. ಇಷ್ಟೇ ಉಳಿದಿರುವುದು. ಜೊತೆಗಿರಲಿ, ಅಷ್ಟೇ, ಎಂದುಕೊಂಡು ಕವರನ್ನು ಚೀಲದ ತಳದಲ್ಲಿ ಸುಕ್ಕುಬಟ್ಟೆಗಳ ಕೆಳಗೆ ಇಟ್ಟಳು.

ಬೆಳಿಗ್ಗೆ ಬಾಡಿಗೆ ಕಾರು ಬಂತು. ಕಾಲರ್ ಬಾಗಿಲವರೆಗೆ ಬಂದು, ಹೊಸ್ತಿಲಲ್ಲಿ ನಾಲ್ಕೂ ಕಾಲು ಊರಿ ನಿಂತಿತು. ಗಂಡ ಹಗ್ಗ ಎಳೆದ. ಅದು ಬೊಗಳಲಿಲ್ಲ, ಕಚ್ಚಲಿಲ್ಲ, ಸುಮ್ಮನೆ ಹಿಂದಕ್ಕೆ ಜಗ್ಗುತ್ತ ಲಾಂಡ್ರಿಯಿದ್ದ ಬೀದಿಯ ಕಡೆ ನೋಡಿತು. ಎತ್ತಿಕೊಂಡು ಸೀಟಿನ ಮೇಲೆ ಬಿಟ್ಟರೆ ಇನ್ನೊಂದು ಕಡೆಯಿಂದ ಇಳಿದು ಬಂದು ಅದೇ ಜಾಗದಲ್ಲಿ ನಿಂತಿತು. ಮೈಯೆಲ್ಲ ನಡುಗುತ್ತಿತ್ತು.

"ಅಮ್ಮಾ, ಅದಕ್ಕೆ ರಜೆ ಬೇಡವಂತೆ" ಎಂದ ಡ್ರೈವರ್. "ನಾನು ಬೇರೆ ಬಾಡಿಗೆ ನೋಡ್ಕೊಳ್ಳಲಾ?"

"ಅದನ್ನ ಬಿಟ್ಟು ಹೋಗು, ನಾವು ನೋಡ್ಕೋತೀವಿ" ಎಂದ ಗಂಡ.

ಬಿಟ್ಟು ಹೋಗುವುದು. ಅದು ಮತ್ತೆ ಬಚ್ಚಲಿಗೆ ಹೋಗಿ ತೂಬಿನ ಪಕ್ಕ ಮಲಗುತ್ತದೆ. ತಾನು ಕೆರೆಯ ದಡದಲ್ಲಿ ಕವರಿನ ಗಂಟು ಸಡಿಲಿಸಿ ಮೂಗು ಹಿಡಿದು ಕೂತಿರುತ್ತೇನೆ. ತನಗೆ ಅವಳು ಸತ್ತಿದ್ದಾಳೆಂದಾದರೂ ಗೊತ್ತು, ಆ ನಾಯಿಗೆ ಅಷ್ಟನ್ನೂ ಯಾರೂ ಹೇಳಿಲ್ಲ ಎಂದು ಅವಳಿಗೆ ಆಗ ಅನ್ನಿಸಿತು.

ಹೊಸ್ತಿಲ ಮೇಲೇ ಕೂತು ಚೀಲವನ್ನು ಬುಡದವರೆಗೆ ಕೆದಕಿ ಕವರನ್ನು ತೆಗೆದಳು. ಗಂಟು ಬಿಗಿಯಾಗಿತ್ತು. ಉಗುರಿನಿಂದ ಬಿಚ್ಚಲಾಗದೆ ಹಲ್ಲಿನಿಂದ ಹರಿದಳು. ಹರಿದ ಮೇಲೆ ಮತ್ತೆ ಕಟ್ಟುವ ಹಾಗಿರಲಿಲ್ಲ.

ಕಾಲರಿನ ಮೂಗು ಮೊದಲು ತಿರುಗಿತು, ಆಮೇಲೆ ತಲೆ. ಹತ್ತಿರ ಬಂದು ಕೈಬಟ್ಟೆಗೆ ಮೂಗೊತ್ತಿ ಅದು ಅಲ್ಲಾಡದೆ ನಿಂತುಬಿಟ್ಟಿತು. ನಡುಕ ಸ್ವಲ್ಪ ಸ್ವಲ್ಪವಾಗಿ ನಿಂತಿತು. ಬಾಲ ಒಮ್ಮೆ ಅಲ್ಲಾಡಿತು, ಒಂದೇ ಸಲ. ಅವಳು ಎದ್ದು ಬಟ್ಟೆ ಹಿಡಿದುಕೊಂಡೇ ಕಾರಿನೊಳಗೆ ಕೂತಳು. ಅದು ಹಿಂದೆಯೇ ಹತ್ತಿ, ಅವಳು ಸೀಟಿನ ನಡುವೆ ಹಾಸಿದ ಬಟ್ಟೆಯ ಮೇಲೆ ಗದ್ದ ಊರಿ ಮಲಗಿತು. ಆ ಕಡೆಯ ಜಾಗ ಖಾಲಿಯಿತ್ತು.

"ಗಾಜು ಏರಿಸಪ್ಪ" ಎಂದಳು ಡ್ರೈವರಿಗೆ.

"ಏಸಿ ಕೆಟ್ಟಿದೆ ಅಮ್ಮ. ಬೆಂದುಹೋಗ್ತೀವಿ."

"ಇರಲಿ, ಏರಿಸು."

ಪೇಟೆ ದಾಟಿತು, ಕಾರ್ಖಾನೆಗಳ ಉದ್ದ ಗೋಡೆ ದಾಟಿತು. ಡ್ರೈವರ್ ಕುತ್ತಿಗೆ ಒರೆಸಿಕೊಳ್ಳುತ್ತ ಏನೋ ಗೊಣಗಿದ. ಮುಚ್ಚಿದ ಕಾರಿನಲ್ಲಿ ಕಾದ ಹತ್ತಿಯ ವಾಸನೆ ಇನ್ನೂ ಇತ್ತು. ಅವಳು ಆಳವಾಗಿ ಉಸಿರಾಡುತ್ತ ಸುಮ್ಮನೆ ಕೂತಿದ್ದಳು. ಲೆಕ್ಕವಿಟ್ಟು ಎಳೆದುಕೊಳ್ಳುವ ಅಗತ್ಯ ಇನ್ನಿರಲಿಲ್ಲ.

ಬಯಲು ಶುರುವಾದಾಗ ಕಾಲರ್ ತಲೆ ಎತ್ತಿತು. ಎದ್ದು ಖಾಲಿ ಜಾಗಕ್ಕೆ ಸರಿದು, ಮುಂಗಾಲುಗಳನ್ನು ಬಾಗಿಲಿಗೆ ಆನಿಸಿ, ಗಾಜಿಗೆ ಮೂಗು ಒತ್ತಿ ಹೊರಗೆ ನೋಡಿತು. ಗಾಜಿನ ಮೇಲೆ ಆವಿಯ ಸಣ್ಣ ವೃತ್ತ ಮೂಡಿತು. ಆಮೇಲೆ ತಿರುಗಿ ಅವಳ ಮುಖ ನೋಡಿತು.

ಅವಳು ಕೈಬಟ್ಟೆಯನ್ನೆತ್ತಿ ಒಂದು ಸಲ ಮುಖಕ್ಕೆ ಒತ್ತಿಕೊಂಡಳು. ಮತ್ತೆ ಅದರ ಜಾಗದಲ್ಲೇ ಹಾಸಿ, ಆ ಕಡೆಗೆ ಬಾಗಿ ಗಾಜು ಇಳಿಸಿದಳು.

"ಉಸ್ಸಪ್ಪಾ" ಎಂದ ಡ್ರೈವರ್.

ಗಾಳಿ ನುಗ್ಗಿತು. ಕಾಲರಿನ ಕಿವಿಗಳು ಹಿಂದಕ್ಕೆ ಮಡಚಿಕೊಂಡವು, ಮೂಗು ಹೊರಗೆ ಚಾಚಿತು. ಸೀಟಿನ ಮೇಲೆ ಬಟ್ಟೆಯ ಅಂಚು ಪಟಪಟ ಎದ್ದಿತು. ಅದು ಹಾರಿಹೋಗದಂತೆ ಅವಳು ಅದರ ಮೇಲೆ ಅಂಗೈ ಊರಿ ಕೂತಳು.