ಜಟೆ ಕತ್ತರಿಸುವ ಮೊದಲು

ಫೋನಿನ ವೀಡಿಯೊ ಕರೆಯಲ್ಲಿ ಕಂಡ ಏಳು ವರ್ಷದ ಹುಡುಗಿಯ ತಲೆಯಲ್ಲಿ ಬೆರಳು ದಪ್ಪದ ಮೂರು ಜಟೆಗಳಿದ್ದವು. ಅಮೆರಿಕದ ಮಾರಿಸ್‌ಟೌನಿನ ನಮ್ಮ ಅಪಾರ್ಟ್‌ಮೆಂಟಿನ ಲಾಂಡ್ರಿ ಕೋಣೆಯಲ್ಲಿ ಬಟ್ಟೆ ಮಡಚುತ್ತಿದ್ದ ಯಾಂತಿ, "ನನ್ನ ಮಗಳು" ಎಂದು ತೋರಿಸಿದಳು. ಇಂಡೊನೇಷ್ಯಾದ ಯಾಂತಿ ಮೂರನೇ ಮಹಡಿಯ ಅಜ್ಜಿಯೊಬ್ಬರನ್ನು ನೋಡಿಕೊಳ್ಳುತ್ತಾಳೆ.

ಆಲೂಗಡ್ಡೆ ಬೆಳೆಯುವ ಅವಳ ಬೆಟ್ಟದೂರಿನಲ್ಲಿ ಕೆಲವು ಮಕ್ಕಳಿಗೆ ಜ್ವರ ಬಂದು ಕೂದಲು ತಾನಾಗಿ ಜಟೆಗಟ್ಟುತ್ತದಂತೆ. ಅದನ್ನು ಕತ್ತರಿಸುವ ಮೊದಲು ಮಗು ಏನು ಬೇಡಿದರೂ ಕೊಡಲೇಬೇಕಂತೆ.

"ಮೇಕೆಮರಿ ಕೇಳ್ತಾಳೆ ನೋಡು. ಅವರಪ್ಪನಿಗೆ ಆಗಲೇ ಹೇಳಿಟ್ಟಿದ್ದೀನಿ" ಎಂದು ಯಾಂತಿ ಇಂಗ್ಲಿಷಿನಲ್ಲಿ ಹೇಳಿ ನಕ್ಕಳು.

ಏನು ಬೇಕೆಂದು ಯಾಂತಿ ಕೇಳಿದಾಗ ಹುಡುಗಿ ತಮ್ಮ ಭಾಷೆಯಲ್ಲಿ ಒಂದೇ ಮಾತು ಹೇಳಿದಳು. ಯಾಂತಿಯ ಕೈಯಲ್ಲಿದ್ದ ಟವೆಲ್ ನೆಲಕ್ಕೆ ಬಿತ್ತು. ಒಂದು ಕ್ಷಣವೂ ಯೋಚಿಸದೆ ಉತ್ತರ ಕೊಟ್ಟು ಫೋನ್ ಇಟ್ಟಳು.

"ಅಮ್ಮ ಬರಬೇಕಂತೆ. ಆಯ್ತು ಅಂದೆ."

ಅವಳ ವೀಸಾ ಮುಗಿದು ವರ್ಷಗಳಾಗಿವೆ. ಹೋದರೆ ಮತ್ತೆ ಬರುವಂತಿಲ್ಲ. ಊರಿನ ಸಂಸಾರ ನಡೆಯುವುದು ಅವಳ ದುಡಿಮೆಯಿಂದಲೇ.

"ಚಿಕ್ಕ ಮಗು ಅಲ್ವಾ? ಬೇರೆ ಏನಾದ್ರೂ ಕೇಳು ಅನ್ನಬಹುದಿತ್ತು" ಎಂದೆ.

"ಹಾಗೆಲ್ಲ ಬದಲಾಯಿಸೋ ಹಾಗಿಲ್ಲ. ಕೊಡದಿದ್ರೆ ಜಟೆ ಮತ್ತೆ ಬರುತ್ತೆ, ಜ್ವರಾನೂ ಬರುತ್ತೆ." ಅವಳು ಟವೆಲ್ ಎತ್ತಿಕೊಂಡು, ಕೊಡವಿ, ಮೊದಲಿನಂತೆಯೇ ಮಡಚಿದಳು.

ನಾನು ಇಂಥದ್ದನ್ನು ನಂಬುವವಳಲ್ಲ. ಆದರೂ ಅವಳು ಅಷ್ಟು ಬೇಗ ಒಪ್ಪಿದ್ದು ರಾತ್ರಿಯೆಲ್ಲ ಕಾಡಿತು. ಮರುದಿನ ಬೆಳಿಗ್ಗೆ ನನ್ನ ದೊಡ್ಡ ಸೂಟ್‌ಕೇಸ್ ಖಾಲಿ ಮಾಡಿ ಮೂರನೇ ಮಹಡಿಗೆ ಒಯ್ದೆ. ಅದರ ಹಿಡಿಗೆ ನನ್ನ ಅಮ್ಮ ಗುರುತಿಗೆಂದು ಕಟ್ಟಿದ್ದ ಕೆಂಪು ರಿಬ್ಬನ್ನನ್ನು ಬಿಚ್ಚದೆ ಹಾಗೆಯೇ ಕೊಟ್ಟು ಬಂದೆ.