ಅಜ್ಜಿಯ ಹೆಸರು ಕೇಳಿದ ಫಾದರ್

ಓದುಗರಿಗೆ ನಮಸ್ಕಾರ. ನಾನು ಇಪ್ಪತ್ತು ದಾಟಿದ ಮೇಲೆ ಹತ್ತನೇ ಕ್ಲಾಸ್ ಪಾಸಾದವನು, ಒಂದೇ ಬೆರಳಲ್ಲಿ ಟೈಪ್ ಮಾಡುತ್ತಿದ್ದೇನೆ. ತಪ್ಪು ಕಂಡರೆ ಹೊಟ್ಟೆಗೆ ಹಾಕಿಕೊಳ್ಳಿ.

ಆ ಫಾದರ್ ಎಂದರೆ ನನಗೆ ಮೊದಲು ಕಣ್ಣಿಗೆ ಬರುವುದು ಅವರ ಪಾದ. ಅಗಲವಾದ, ಹಿಮ್ಮಡಿ ಒಡೆದ ಪಾದ. ಹೊರಗೆ ಸೊನ್ನೆ ಡಿಗ್ರಿ ಫ್ಯಾರನ್‌ಹೀಟ್ ಇದ್ದರೂ ಚರ್ಚಿನ ಬೇಸ್‌ಮೆಂಟ್ ಬಾಗಿಲಲ್ಲಿ ಹಿಮ ಮೆತ್ತಿದ ಬೂಟು ಕಳಚಿಟ್ಟು, ಬರಿಗಾಲಲ್ಲೇ ಬಲಿಪೂಜೆ, ಅಂದರೆ ಮಾಸ್, ಮಾಡುತ್ತಿದ್ದರು.

ಅವರು ಕಾಂಗೋ ದೇಶದವರು. ತೊಂಬತ್ತರ ದಶಕದ ಕೊನೆ. ಹೆಂಡತಿಗೆ ನರ್ಸ್ ಕೆಲಸ ಸಿಕ್ಕಿದ್ದರಿಂದ ನಾವು ಮಿಷಿಗನ್‌ಗೆ ಬಂದಿದ್ದೆವು. ನಾನು ವಿಕ್ಸಮ್ ಎಂಬ ಊರಿನ ಫ್ಯಾಕ್ಟರಿಯಲ್ಲಿ ಕಾರಿನ ಬಿಡಿಭಾಗ ಪ್ಯಾಕ್ ಮಾಡುತ್ತಿದ್ದೆ. ಭಾನುವಾರ ಬೆಳಿಗ್ಗೆ ಅವಳಿಗೆ ಡ್ಯೂಟಿ. ಹಾಗಾಗಿ ತಿಂಗಳಿಗೊಮ್ಮೆ ಮಧ್ಯಾಹ್ನ ಆಫ್ರಿಕಾದವರಿಗಾಗಿ ಈ ಫಾದರ್ ಮಾಡುತ್ತಿದ್ದ ಪೂಜೆಗೆ ಹೋಗತೊಡಗಿದೆವು.

ಅಲ್ಲಿ ಜನ ಹಾಡುತ್ತಾ ಬಲಿಪೀಠದ ಸುತ್ತ ಹೆಜ್ಜೆ ಹಾಕುತ್ತಿದ್ದರು. ಉಪದೇಶದ ನಡುವೆ ಫಾದರ್ ಪ್ರಶ್ನೆ ಕೇಳಿದರೆ ಜನ ಕೂತಲ್ಲಿಂದಲೇ ಉತ್ತರ ಕೊಡುತ್ತಿದ್ದರು. ನನ್ನ ಹೆಂಡತಿ ಎರಡನೇ ಸಲಕ್ಕೇ ಅವರ ಜೊತೆ ಸೇರಿಬಿಟ್ಟಳು. "ಮರದ ಥರ ನಿಂತಿದೀರಲ್ಲ, ಕಾಲಾದ್ರೂ ಅಲ್ಲಾಡಿಸ್ರೀ" ಎಂದು ನನ್ನನ್ನು ತಿವಿಯುತ್ತಿದ್ದಳು. ಫಾದರ್ ಪದೇಪದೇ ಹೇಳುತ್ತಿದ್ದ ಮಾತೊಂದಿತ್ತು: "ದೇವರು ನಮ್ಮೂರಿಗೆ ಬರುವಾಗ ಕುರ್ಚಿ ತರಲಿಲ್ಲ. ನಮ್ಮ ಚಾಪೆ ಮೇಲೇ ಕೂತ."

ಹೆಜ್ಜೆ ಹಾಕುವುದನ್ನು ಹೇಗೋ ಸಹಿಸಿಕೊಂಡೆ. ಆದರೆ ಒಂದು ಭಾನುವಾರ ಅವರು ಸಂತರ ಜೊತೆಗೆ ಸತ್ತ ಹಿರಿಯರನ್ನೂ ಕರೆದರು. ನೇರವಾಗಿ ಬಾಳಿದ ಹಿರಿಯರೇ, ಬಂದು ನಮ್ಮ ಜೊತೆ ನಿಲ್ಲಿ ಎಂದರು. ಒಬ್ಬೊಬ್ಬರೇ ಎದ್ದು ತಮ್ಮ ಅಜ್ಜ ಅಜ್ಜಿಯರ ಹೆಸರು ಕೂಗಿದರು. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಎದ್ದು ಹೊರಗೆ ಹೋಗಿ ಪಾರ್ಕಿಂಗ್‌ನಲ್ಲಿ ನಿಂತೆ.

ಮುಂದಿನ ವಾರ ಇದು ಸತ್ತವರ ಪೂಜೆ ಎಂದು ಬಿಷಪ್‌ಗೆ ದೂರು ಬರೆದು ಆ ಚರ್ಚಿನ ಕೆಲವರು ಸಹಿ ಕೇಳುತ್ತಿದ್ದರು. ನಾನೂ ಹಾಕಿದೆ.

ಆ ಪತ್ರ ಫಾದರ್ ಕಣ್ಣಿಗೂ ಬಿತ್ತು. ಮುಂದಿನ ಸಲದ ಪೂಜೆ ಮುಗಿದ ಮೇಲೆ, ಬೇಸ್‌ಮೆಂಟಿನ ಸಿಂಕಿನಲ್ಲಿ ಕಾಫಿ ಕಪ್ಪು ತೊಳೆಯುತ್ತಿದ್ದ ನನ್ನ ಪಕ್ಕಕ್ಕೆ ಬಂದು, ಟವೆಲ್ ತಗೊಂಡು ಒರೆಸತೊಡಗಿದರು.

"ಎಲ್ಲರೂ ಗೀಚಿದ್ದಾರೆ, ನಿಮ್ಮ ಸಹಿ ಒಂದನ್ನೇ ಓದೋಕಾಗೋದು" ಎಂದು ನಕ್ಕರು. ಆಮೇಲೆ ಮೆಲ್ಲಗೆ, "ಯಾರಿಗೆ ಹೆದರಿ ಹಾಕಿದ್ರಿ, ಬ್ರದರ್?" ಎಂದರು.

ಹೇಳಿದೆ. ಚಾಮರಾಜನಗರದ ಕಡೆ ನಮ್ಮೂರು. ಅಪ್ಪ ದೀಕ್ಷಾಸ್ನಾನ ತಗೊಂಡು ಕ್ರೈಸ್ತರಾದರು, ಅವರ ತಾಯಿ, ನನ್ನ ಅಜ್ಜಿ, ತಗೊಳ್ಳಲಿಲ್ಲ. ಆದರೂ ಪ್ರತಿ ಭಾನುವಾರ ನಮ್ಮನ್ನೆಲ್ಲ ಚರ್ಚಿಗೆ ಕರೆತಂದು, ಪೂಜೆ ಮುಗಿಯುವವರೆಗೆ ಹೊರಗೆ ಜಗಲಿ ಮೇಲೆ ಕೂತಿರುತ್ತಿದ್ದಳು. ಸತ್ತಾಗ ಅವಳಿಗೆ ಚರ್ಚಿನ ಸಮಾಧಿಯಲ್ಲಿ ಜಾಗ ಕೊಡಲಿಲ್ಲ, ಹೊಲದ ಬದುವಿನಲ್ಲಿ ಮಣ್ಣು ಮಾಡಿದೆವು. ಮುಂದಿನ ವರ್ಷ ಅದೇ ದಿನ ನಮ್ಮವ್ವ ಎಲೆ ಮೇಲೆ ಅನ್ನ, ಕೋಳಿ ಸಾರು ಎಡೆ ಇಟ್ಟಳು. ಅದು ಗೊತ್ತಾಗಿ ಊರಿನ ಫಾದರ್ ಅವ್ವನನ್ನು ಎಲ್ಲರ ಮುಂದೆ ಮಂಡಿಯೂರಿಸಿದರು. ಅವತ್ತು ಅವಳ ಸೆರಗು ಹಿಡಿದು ನಿಂತಿದ್ದವನು ನಾನು.

ಈ ಫಾದರ್ ಕಪ್ಪು ಒರೆಸುವುದನ್ನು ನಿಲ್ಲಿಸಿದರು. "ನಿಮ್ಮಜ್ಜಿ ನೇರವಾಗಿ ಬಾಳಿದರಾ?"

"ಹೂಂ, ಫಾದರ್."

"ಹಾಗಾದ್ರೆ ಮುಂದಿನ ತಿಂಗಳು ಅವರ ಹೆಸರು ತನ್ನಿ. ಜಗಲಿ ಮೇಲೆ ಕೂತಿದ್ದು ಸಾಕು, ಒಳಗೆ ಬರಲಿ."

ಆಗ ನನಗೆ ಹೊಳೆಯಿತು, ಅಜ್ಜಿಯ ಹೆಸರೇ ನನಗೆ ಗೊತ್ತಿಲ್ಲ. ಎಲ್ಲರಿಗೂ ಅವಳು ಅಜ್ಜಿ, ಇಲ್ಲವೇ ದೊಡ್ಡವ್ವ. ಅಪ್ಪ ಅವ್ವ ಇಬ್ಬರೂ ಹೋಗಿಯಾಗಿತ್ತು. ಕಾಲಿಂಗ್ ಕಾರ್ಡ್ ಹಾಕಿ ಅಣ್ಣನಿಗೆ ಫೋನ್ ಮಾಡಿದೆ, ಅವನಿಗೂ ಗೊತ್ತಿರಲಿಲ್ಲ. ಪ್ಯಾಕಿಂಗ್ ಲೈನಿನಲ್ಲಿ ಕೈ ಕೆಲಸ ಮಾಡುತ್ತಿದ್ದರೂ ತಲೆಯೊಳಗೆ ಅದೊಂದೇ. ಎರಡು ಸಲ ತಪ್ಪು ಲೇಬಲ್ ಅಂಟಿಸಿ ಬೈಸಿಕೊಂಡೆ. ಕೊನೆಗೆ ಅಪ್ಪನ ತಂಗಿ, ನಮ್ಮತ್ತೆ, ಮೂರನೇ ಫೋನಿಗೆ ಬಾಯಿ ಬಿಟ್ಟರು.

"ಮಾರಮ್ಮ ಅಂತ. ದೇವಿ ಹೆಸ್ರು ಅಂತ ನಿಮ್ಮಪ್ಪ ಆಡ್ತನೇ ಇರ್ನಿಲ್ಲ ಕನಪ್ಪ. ನೀನೂ ಚರ್ಚಲ್ಲಿ ಆಡ್ಬ್ಯಾಡ."

ನಾನು ಆ ಹೆಸರು ಹಿಡಿದುಕೊಂಡು ಹೋಗುವಷ್ಟರಲ್ಲಿ ಬೇಸ್‌ಮೆಂಟಿನ ಪೂಜೆ ನಿಂತಿತ್ತು. ಫಾದರ್ ಅವರನ್ನು ಶಿಕಾಗೋ ಕಡೆಗೆ ವರ್ಗ ಮಾಡಿದ್ದರು. ಆ ಪತ್ರದಿಂದಲೇ ಹೀಗಾಯಿತು ಎಂದು ಯಾರೂ ಹೇಳಲಿಲ್ಲ. ಅಲ್ಲ ಎಂದೂ ಹೇಳಲಿಲ್ಲ. ಎರಡು ವರ್ಷ ಆ ಹೆಸರು ನನ್ನ ಗಂಟಲಲ್ಲೇ ಇತ್ತು.

ಆಮೇಲೆ, ಅವರಿಗೆ ಹುಷಾರಿಲ್ಲ, ಶಿಕಾಗೋ ಆಚೆ ಪ್ಲೇನ್‌ಫೀಲ್ಡ್ ಹತ್ತಿರದ ಒಂದು ಆರೈಕೆ ಮನೆಯಲ್ಲಿದ್ದಾರೆ ಎಂದು ಗೊತ್ತಾಯಿತು. ಸುಮಾರು ಮುನ್ನೂರು ಮೈಲಿ ದೂರ. ಒಬ್ಬನೇ ಡ್ರೈವ್ ಮಾಡಿಕೊಂಡು ಹೋದೆ, ಹೈವೇಯಿಂದ ಇಳಿಯುವ ಒಂದು ಎಕ್ಸಿಟ್ ತಪ್ಪಿಸಿಕೊಂಡು ಸುತ್ತಿದೆ.

ಮನುಷ್ಯ ಅರ್ಧ ಆಗಿದ್ದರು. ಹೊದಿಕೆಯಿಂದ ಹೊರಗಿದ್ದ ಪಾದ ನೋಡಿ ಗುರುತು ಹಿಡಿದೆ. ಕ್ಷಮೆ ಕೇಳಬೇಕೆಂದು ದಾರಿಯುದ್ದಕ್ಕೂ ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿದ್ದೆ. ಬಾಯಿ ತೆರೆಯುವಷ್ಟರಲ್ಲಿ ಅವರೇ, "ಹೆಸರು ತಂದ್ರಾ?" ಎಂದರು.

ತಂದಿದ್ದೇನೆ, ಆದರೆ ಅದು ನಮ್ಮೂರ ದೇವಿಯ ಹೆಸರು ಎಂದೆ.

"ನನ್ನ ಅಜ್ಜಿಗೆ ನದಿಯ ಹೆಸರು. ನದಿಗೂ ನಮ್ಮವರು ಪೂಜೆ ಮಾಡ್ತಿದ್ರು" ಎಂದರು. "ಜೋರಾಗಿ ಹೇಳಿ. ನನಗೆ ಕಿವಿ ಮಂದ."

"ಮಾರಮ್ಮ" ಎಂದೆ. ಹುಟ್ಟಿದ ಮೇಲೆ ಮೊದಲ ಸಲ ಅವಳನ್ನು ಹೆಸರು ಹಿಡಿದು ಕರೆದದ್ದು. ಅವರು ಕಣ್ಣು ಮುಚ್ಚಿ ತಮ್ಮವರ ಹೆಸರುಗಳನ್ನು ಒಂದೊಂದಾಗಿ ಹೇಳಿದರು. ನದಿಯ ಹೆಸರಿನ ಅಜ್ಜಿ ಆದಮೇಲೆ, ತಡವರಿಸಿಕೊಂಡು, "ಮಾರಮ್ಮ" ಎಂದರು. ಅವರ ಪಾದ ಮೆಲ್ಲಗೆ ತಾಳ ಹಾಕುತ್ತಿತ್ತು.

ಕ್ಷಮೆ ಕೇಳಲೇ ಇಲ್ಲ. ಆ ವರ್ಷ ಹಿಮ ಕರಗುವ ಮೊದಲೇ ಅವರು ತೀರಿಕೊಂಡರು.

ಈಗ ಪ್ರತಿ ನವೆಂಬರ್‌ನಲ್ಲಿ, ಸತ್ತವರ ದಿನದ ಪೂಜೆಯಲ್ಲಿ, ಅಜ್ಜಿಯ ಹೆಸರಾದ ಮೇಲೆ ಅವರ ಹೆಸರು ಹೇಳುತ್ತೇನೆ. ಪಕ್ಕದವರು ತಿರುಗಿ ನೋಡುತ್ತಾರೆ. ನೋಡಲಿ.

ನಿಮ್ಮ ಅಜ್ಜಿಯ ಹೆಸರು ನಿಮಗೆ ಗೊತ್ತಿದೆಯೇ? ನನ್ನ ಹಾಗೆ ಹುಡುಕಿಕೊಂಡು ಹೋದವರಿದ್ದರೆ, ಯಾರು ಹೇಳಿದರು, ಹೇಗೆ ಸಿಕ್ಕಿತು ಎಂದು ದಯವಿಟ್ಟು ಬರೆಯಿರಿ.