ವಹಿವಾಟಿನ ದಾರಿ

ನಮ್ಮ ವಕೀಲರ ನಶ್ಯದಿಂದ ಕಂದುಗಟ್ಟಿದ ತೋರುಬೆರಳು ಕಾಗದದಲ್ಲಿ ಒಂದು ಪದದ ಕೆಳಗೆ ಬಂದು ನಿಂತಿತೆಂದರೆ, ನಮ್ಮೂರು ಶಲವಡಿಗೆ ಹೋಗುವ ಕೊನೆಯ ಬಸ್ಸು ನಮಗೆ ತಪ್ಪಿತೆಂದೇ ಅರ್ಥ. ಕೇಳಿದ ಪ್ರಶ್ನೆಗೆ ಉತ್ತರಿಸುವ ಮೊದಲು ಅದರಲ್ಲಿದ್ದ ಪದದ ಮೂಲವನ್ನು ವಿವರಿಸದೆ ಅವರು ಬಿಟ್ಟವರಲ್ಲ. ಎಂಬತ್ತರ ದಶಕದ ಆ ವರ್ಷಗಳಲ್ಲಿ, ನವಲಗುಂದದ ಅವರ ಕಚೇರಿಯ ಬೆಂಚಿನ ಮೇಲೆ ಕುಳಿತು ನಾನು ಬಹಳ ಹಲ್ಲು ಕಡಿದಿದ್ದೇನೆ. ಮನೆತನದಲ್ಲಿ ಬಿ.ಎ. ಮುಗಿಸಿದವನು ನಾನೊಬ್ಬನೇ ಆದ್ದರಿಂದ, ತಂದೆಯವರೊಡನೆ ಹೋಗುವುದು ನನ್ನ ಕರ್ತವ್ಯವಾಗಿತ್ತು.

ವ್ಯಾಜ್ಯ ಸರಳವಾದದ್ದು. ಕಪ್ಪು ಮಣ್ಣಿನ ನಮ್ಮ ಎರಿ ಹೊಲಕ್ಕೆ ಹೋಗುವ ಗಾಡಿದಾರಿ ಬಾಜು ಹೊಲದವರ ಬದುವಿನ ಗುಂಟ ಇತ್ತು. ಅವರು ಅದಕ್ಕೆ ಅಡ್ಡಲಾಗಿ ತಗ್ಗು ತೋಡಿದರು. ಹಳ್ಳದ ಕಡೆಯಿಂದ ಸುತ್ತುವ ದಾರಿಯಲ್ಲಿ ತುಂಬಿದ ಗಾಡಿ ಹೂತುಬಿಡುತ್ತಿತ್ತು. ಬದುವಿನ ದಾರಿ ಕೈಬಿಟ್ಟರೆ ನಮ್ಮ ಬೆಳೆ ಹೊಲದಲ್ಲಿಯೇ ಉಳಿಯಬೇಕಿತ್ತು.

"ದಾವೆ ಹಾಕಿದ ಮ್ಯಾಲೆ ಆ ದಾರಿಲೆ ಅಡ್ಡಾಡಾಕತ್ತೀರಿಲ್ಲೋ?" ಎಂದು ವಕೀಲರು ಒಂದು ಸಂಜೆ ತಂದೆಯವರನ್ನು ಕೇಳಿದರು.

"ಇಲ್ಲರಿ ಸಾಹೇಬ್ರ. ಕೋರ್ಟಿನಾಗ ಐತೆಲ್ಲರಿ. ತೀರ್ಪು ಬರೋತನಕ ಕಾಲಿಡೂದು ಛಲೋ ಅಲ್ಲಂತ ಬಿಟ್ಟೀನ್ರಿ."

ತಕರಾರಿನ ನೆಲವನ್ನು ತುಳಿಯುವುದು ಭಂಡತನವೆಂದು ನಮ್ಮ ಹಿರಿಯರ ಭಾವನೆ. ತಂದೆಯವರು ಕೊಂಚ ಹೆಮ್ಮೆಯಿಂದಲೇ ಹೇಳಿದ್ದರು. ವಕೀಲರು ಹಣೆ ಬಡಿದುಕೊಂಡರು.

"ಅವ ಸಲಿಕಿಲೆ ದಾರಿ ಮುಚ್ಚಿದ, ನೀವು ಮರ್ಯಾದಿಲೆ ಮುಚ್ಚೀರಿ! ಅವ ನಿಮಗ ಹಾರಾ ಹಾಕಬೇಕ್ರಿ!"

ಅನಂತರ ಬೆರಳು ದಾವೆಯ ಪ್ರತಿಯಲ್ಲಿದ್ದ 'ವಹಿವಾಟು' ಎಂಬ ಪದದ ಕೆಳಗೆ ನಿಂತಿತು. ನಾಳೆಯೇ ಕೋರ್ಟಿನ ವಾಯಿದೆ ಇದೆಯೆಂದು ನಾನು ವಿನಯದಿಂದ ನೆನಪಿಸಿದೆ.

"ಗೊತ್ತೈತಿ, ಕುಂಡ್ರು ತಮ್ಮಾ. ಪ್ಯಾಟ್ಯಾಗ ಲೇವಾದೇವಿಗೆ ವಹಿವಾಟ ಅಂತಾರ. ಕೋರ್ಟಿನ ಕಾಗದದಾಗ ಅದರ ಅರ್ಥ ಅನುಭೋಗ, ಅಂದ್ರ ಬಳಸಿಕೋತ ಬರೂದು. ಮರಾಠಿಂದ ಬಂದದ್ದು. ಒಳಗ 'ವಾಟ' ಐತಿ ನೋಡು, ವಾಟ ಅಂದ್ರ ದಾರಿ. ನಡದು ನಡದು ರೂಢಿ ಆದದ್ದು ವಹಿವಾಟ. ನಡಿಯೂದು ಬಿಟ್ಟು ಹಕ್ಕು ಕೊಡ್ರಿ ಅಂದ್ರ ಯಾವ ಜಡ್ಜ್ ಕೊಡ್ತಾನು?" ಎಂದವರೇ ತಂದೆಯವರತ್ತ ತಿರುಗಿದರು. "ಹೊಲಕ್ಕ ಬುತ್ತಿ ಯಾರು ತರ್ತಾರ?"

"ಮನ್ಯಾಕಿರಿ."

"ಯಾವ ದಾರಿಲೆ?"

ತಂದೆಯವರು ತಲೆ ತಗ್ಗಿಸಿದರು. "ಅದ ದಾರಿಲೆ ಬರ್ತಾಳ್ರಿ, ತಗ್ಗಿನಾಗ ಇಳದು ಹತ್ತಿ. ಎಷ್ಟು ಹೇಳಿದ್ರೂ ಕೇಳಂಗಿಲ್ರಿ."

"ಕೇಳದಿದ್ದದ್ದ ಪುಣ್ಯಾ ಬಂತು! ಆಕೀನ ಸಾಕ್ಷಿಗೆ ಕರಕೊಂಡ ಬರ್ರಿ."

ಹೆಣ್ಣುಮಗಳನ್ನು ಕೋರ್ಟಿಗೆ ಹತ್ತಿಸುವುದೇ ಎಂದು ತಂದೆಯವರು ದಾರಿಯುದ್ದಕ್ಕೂ ಗೊಣಗಿದರು. ನನಗೂ ಸಂಕೋಚವಾಯಿತು. ಮರುದಿನ ತಾಯಿ ಮಾತ್ರ ಕಟಕಟೆಯಲ್ಲಿ ಸೆರಗು ಸರಿಪಡಿಸಿಕೊಂಡು ನಿಂತಳು. ಜಗಳವಿದ್ದರೂ ಅಲ್ಲೇ ಏಕೆ ಹೋಗುತ್ತೀ ಎಂದು ಎದುರು ವಕೀಲರು ಗದರಿಸಿದರು.

"ಸುತ್ತ ಹಾಕಿ ಹೋದ್ರ ಪಲ್ಯಾ ಆರತೈತ್ರಿ. ನಮ್ಮತ್ತಿನೂ ಇದ ದಾರಿಲೆ ಬುತ್ತಿ ಒಯ್ತಿದ್ರು. ಜಗಳಾ ಗಂಡಸರದು, ನನ್ನ ರೊಟ್ಟೀದೇನೈತ್ರಿ?"

ತೀರ್ಪು ನಮ್ಮ ಕಡೆಗಾಯಿತು. ಕೃತಜ್ಞತೆಯ ಮಾತುಗಳನ್ನು ಸಿದ್ಧಪಡಿಸಿಕೊಂಡು ನಾನು ವಕೀಲರ ಮುಂದೆ ನಿಂತೆ.

"ತಗ್ಗು ಮುಚ್ಚಿ ಗಾಡಿ ಹೊಡದ್ರೇನು?" ನಾನು ಬಾಯಿ ತೆರೆಯುವ ಮೊದಲೇ ಅವರು ಕೇಳಿದರು.

"ನಾಳೆ ಹೊಡೆಯುತ್ತೇವೆ, ಸರ್."

"ಹಂಗಾರ ಇಲ್ಲೇನ್ ಭಾಷಣಾ ಮಾಡಾಕ ನಿಂತೀಲೇ? ನಡಿ!"

ಸಿದ್ಧಪಡಿಸಿದ ಮಾತು ಹಾಗೆಯೇ ಉಳಿಯಿತು. ಕೆಲವು ವರ್ಷಗಳಲ್ಲಿ ಅವರು ತೀರಿಕೊಂಡರು. ಈಗ ಹೊಲದ ಆಚೆ ಬದಿಗೆ ಡಾಂಬರು ರಸ್ತೆ ಬಂದಿದೆ, ಅದರಲ್ಲಿ ಹೋದರೆ ಬೇಗ ತಲುಪಬಹುದು. ಆದರೂ ನಾನು ಬದುವಿನ ಗುಂಟವೇ ಹೋಗುತ್ತೇನೆ. ನಡೆಯುವುದು ಬಿಟ್ಟರೆ ಬೈಯಲು ಅವರಿಲ್ಲವೆಂಬ ಧೈರ್ಯ ನನಗೆ ಇಂದಿಗೂ ಬಂದಿಲ್ಲ.